ರೈಟಣ್ಣ ಹರಿದ ಬಟ್ಟೆಗಳು

ನಾನು ರೈಟಣ್ಣನನ್ನು ಮೊದಲು ಕಂಡದ್ದು ಬಸ್ಸಿನಲ್ಲಿ. ಹೊಸದಾಗಿ ಶಾಲೆಗೆ ಮೇಷ್ಟ್ರಾಗಿ ಸೇರಿದ್ದೆ. ಬೆಳಗಿನ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದೆನಷ್ಟೆ, ಹಿಂದಿನಿಂದ ಒಂದು ಅಂಗೈ ನನ್ನ ಬೆನ್ನಿಗೆ ಬಿತ್ತು. "ಒಳಗೆ ಹೋಗಿ ಸಾರ್, ಮಧ್ಯದಲ್ಲಿ ಬೇಕಾದಷ್ಟು ಜಾಗ ಇದೆ. ರೈಟ್, ರೈಟ್." ಮಧ್ಯದಲ್ಲಿ ಜಾಗವೇನೂ ಇರಲಿಲ್ಲ. ಶಾಲೆಯ ಮುಂದೆ ಇಳಿದು ನೋಡಿಕೊಂಡರೆ ಅಂಗಿಯ ಎರಡನೆಯ ಗುಂಡಿ ಬಸ್ಸಿನಲ್ಲೇ ಉಳಿದಿತ್ತು. ಆ ದಿನವೆಲ್ಲ ಎದೆಗೆ ಪುಸ್ತಕ ಒತ್ತಿಕೊಂಡು ಪಾಠ ಮಾಡಿದೆ.

ಮೂವತ್ತು ವರ್ಷ ಕಳೆದ ಮೇಲೆ, ಇಬ್ಬರೂ ನಿವೃತ್ತರಾಗಿ, ಒಂದೇ ಕಟ್ಟಡದಲ್ಲಿ ನೆರೆಯವರಾದೆವು. ನಾನು ಎರಡನೆಯ ಮಹಡಿ, ಅವನು ಮೂರನೆಯದು. ಅವನ ನಿಜವಾದ ಹೆಸರನ್ನು ಕಾಗದ ತಂದುಕೊಡುವವನೊಬ್ಬನೇ ಬಲ್ಲ. ನಮಗೆಲ್ಲ ಅವನು ರೈಟಣ್ಣ. ಕಂಡಕ್ಟರ್ ಕೆಲಸ ಬಿಟ್ಟಮೇಲೆ ಅವನಿಗೆ ಹೊತ್ತು ಹೋಗುತ್ತಿರಲಿಲ್ಲ. ಬಾಲ್ಕನಿಯಲ್ಲಿ ನಿಂತು, ರಸ್ತೆಯಲ್ಲಿ ಹೋಗುವ ಬಸ್ಸುಗಳನ್ನು ನೋಡಿ, "ಏಳು ನಿಮಿಷ ಲೇಟು" ಎಂದು ಯಾರಿಗೂ ಅಲ್ಲದೆ ಹೇಳುತ್ತಿದ್ದ.

ಅವನ ಹೆಂಡತಿಯನ್ನು ನಾನು ಅತ್ತಿಗೆ ಎಂದೇ ಕರೆಯುವುದು. ಬಸ್ಸಿನಲ್ಲಿ ಉಳಿದ ಗುಂಡಿಯ ಕಥೆಯನ್ನು ಅವರಿಗೆ ಎಷ್ಟೋ ಸಲ ಹೇಳಿದ್ದೇನೆ. ಮೆಲುಮಾತಿನ ಹೆಂಗಸು. ಪ್ರತಿ ಶನಿವಾರ ಬೀದಿಯ ಕೊನೆಯ ಗ್ರಂಥಾಲಯದಲ್ಲಿ ಮಕ್ಕಳಿಗೆ ಕಥೆ ಓದಿ ಹೇಳುತ್ತಿದ್ದರು. ಒಂದು ದಿನ ಮೆಟ್ಟಿಲಲ್ಲಿ ಕಾಲು ಜಾರಿ ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದ ಕೈಯಲ್ಲೇ ಕಥೆಗೆ ಹೋದರು. ಮಕ್ಕಳು ಅದರ ಮೇಲೆ ಬೆಕ್ಕು, ಮೀನು ಬರೆದು ಕಳುಹಿಸಿದರು.

ಮನೆಯ ಒಗೆತ ರೈಟಣ್ಣನ ಪಾಲಿಗೆ ಬಂತು. ಅವರದು ಮೇಲಿನಿಂದ ಬಟ್ಟೆ ಹಾಕುವ, ನಡುವೆ ತಿರುಗುವ ಕಂಬವಿರುವ ವಾಷಿಂಗ್ ಮೆಷಿನ್. ಕೈಗೊಂದು ಕೆಲಸ ಸಿಕ್ಕಿದ್ದೇ ಅವನ ನಡಿಗೆ ಬದಲಾಯಿತು. ಸಿಳ್ಳೆ ಹಾಕುತ್ತ ಟೆರೇಸಿಗೆ ಬರುವನು, ಬಟ್ಟೆ ಹರವುವನು. "ಹೆಂಗಸರು ಒಂದು ಬುಟ್ಟಿ ಬಟ್ಟೆಗೆ ಮೂರು ಸಲ ಮೆಷಿನ್ ಓಡಿಸ್ತಾರೆ ಮೇಷ್ಟ್ರೇ. ನಂದು ಒಂದೇ ಟ್ರಿಪ್ಪು" ಎಂದು ಬೀಗುವನು.

ಎರಡು ತಿಂಗಳಾಗಿರಬೇಕು. ಭಾನುವಾರ ಬೆಳಗ್ಗೆ ಕಟ್ಟಡದ ನಾಲ್ಕೈದು ಮಂದಿ ಟೆರೇಸಿನಲ್ಲಿದ್ದೆವು. ಅತ್ತಿಗೆ ಒಂದು ದಿಂಬಿನ ಚೀಲ ತೆಗೆದುಕೊಂಡು ಹೋಗಲು ಬಂದರು. ತಾವೇ ಹೊಲಿದಿದ್ದ ನೀಲಿ ನಿಲುವಂಗಿ ತೊಟ್ಟಿದ್ದರು. ಅದರ ಮೊಣಕೈ ಹರಿದು, ಮೇಲೆ ಸೊಟ್ಟಸೊಟ್ಟ ಹೊಲಿಗೆ ಬಿದ್ದಿತ್ತು. ಗುಂಡಿಗಳ ಸಾಲಿನಲ್ಲಿ ಎರಡು ಕಡೆ ಪಿನ್ನು.

ರೈಟಣ್ಣನ ನಾಲಿಗೆಗೆ ಎಲುಬಿಲ್ಲ. "ನೋಡಿ ನಮ್ಮ ಯಜಮಾನಿತೀನ" ಎಂದ. "ಶನಿವಾರ ಹೇಳೋದು ರಾಜಕುಮಾರಿ ಕಥೆ, ಹಾಕಿರೋದು ಭಿಕ್ಷುಕಿ ವೇಷ. ಬಟ್ಟೆ ಎಲ್ಲಾ ಹರಿದ್ಹೋಯ್ತು ಅಂತಾಳೆ, ಜೋಪಾನ ಅನ್ನೋದೇ ಇಲ್ಲ. ಆ ಹೊಲಿಗೆ ನೋಡಿ, ಕೋಳಿ ಕೆದಕಿದ ಹಾಗಿದೆ."

ನಾವು ನಕ್ಕೆವು. ನಾನೂ ನಕ್ಕೆ. ಅತ್ತಿಗೆಯೂ ಸ್ವಲ್ಪ ನಕ್ಕಂತೆ ಮಾಡಿ, "ಹಳೇ ಬಟ್ಟೆ ಅಲ್ವಾ" ಎಂದು ಕೆಳಗೆ ಹೋದರು. ದಿಂಬಿನ ಚೀಲ ಹಗ್ಗದ ಮೇಲೆಯೇ ಇತ್ತು.

ಆ ಶನಿವಾರ ಅವರು ಗ್ರಂಥಾಲಯಕ್ಕೆ ಹೋಗಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಮೂರನೆಯ ಶನಿವಾರವೂ ತಪ್ಪಿದಾಗ ಗ್ರಂಥಾಲಯದಾಕೆಯೇ ಬಂದು, ಮುಂದಿನ ಶನಿವಾರವೂ ಆಗದಿದ್ದರೆ ಆ ಕಥೆಯ ಹೊತ್ತನ್ನು ನಿಲ್ಲಿಸಬೇಕಾಗುತ್ತದೆ ಎಂದು ಹೇಳಿಹೋದಳು.

"ಕೈ ನೋವಂತೆ ಮೇಷ್ಟ್ರೇ" ಎಂದ ರೈಟಣ್ಣ, ಮೆಟ್ಟಿಲಲ್ಲಿ ಸಿಕ್ಕಿದಾಗ. "ಪ್ಲಾಸ್ಟರ್ ಬಿಚ್ಚಿ ಹತ್ತು ದಿನ ಆಯ್ತು. ಏನು ನೋವೋ ಏನೋ."

ಅದೇ ದಿನ ಮೆಷಿನ್ ಗರಗರ ಸದ್ದು ಮಾಡಿ ನಿಂತಿತು. ರಿಪೇರಿಯವನು ಬಂದಾಗ ಟಾರ್ಚ್ ಹಿಡಿಯಲು ನನ್ನನ್ನೂ ಕರೆದರು. ಅವನು ನಡುವಿನ ಕಂಬವನ್ನು ಬಿಚ್ಚಿ ಮೇಲೆತ್ತಿದ. ಅದರ ಬುಡದಲ್ಲಿ ಕೈ ಹಾಕಿ ಒಂದು ಮುದ್ದೆ ಎಳೆದ: ದಾರ, ಬಟ್ಟೆಯ ಜುಂಗು, ಕೊಕ್ಕೆ. ಆಮೇಲೆ ಗುಂಡಿಗಳು. ಹನ್ನೊಂದು ಗುಂಡಿ, ಅದರಲ್ಲಿ ಎರಡು ನೀಲಿ.

"ಒಂದು ಸಲಕ್ಕೆ ಎಷ್ಟು ಬಟ್ಟೆ ಹಾಕ್ತೀರಿ ಯಜಮಾನ್ರೇ?"

"ಹಿಡಿಸಿದಷ್ಟು."

"ಹಿಡಿಸಿದಷ್ಟು ಅಂದ್ರೆ?"

"ಮುಚ್ಚಳ ಮುಚ್ಚೋವರೆಗೆ. ಕೈಯಿಂದ ಒತ್ತಿದ್ರೆ ಇನ್ನೆರಡು ಹೋಗ್ತವೆ."

ರಿಪೇರಿಯವನು ಹಣೆ ಒರೆಸಿಕೊಂಡ. "ಇದೇನು ಬಸ್ಸು ಅಂದ್ಕೊಂಡ್ರಾ? ಬಟ್ಟೆ ನೀರಲ್ಲಿ ಈಜಾಡ್ಬೇಕು. ಜಾಗ ಇಲ್ದಿದ್ರೆ ಒಂದಕ್ಕೊಂದು ಉಜ್ಜಿ ಸವೀತವೆ. ಉದ್ದ ತೋಳು ಕಂಬಕ್ಕೆ ಸುತ್ಕೊಂಡು ಕಿತ್ಹೋಗ್ತವೆ. ಜಿಪ್ಪು ಎಳೀದೆ ಪ್ಯಾಂಟು ಹಾಕಿದ್ರೆ ಪಕ್ಕದ ಬಟ್ಟೆಗೆ ಅದೇ ಗರಗಸ." ಈ ಮನುಷ್ಯ ಕಂಡಕ್ಟರಾಗಿದ್ದನೆಂದು ಅವನಿಗೆ ಗೊತ್ತಿರಲಿಲ್ಲ.

ರೈಟಣ್ಣ ನೀಲಿ ಗುಂಡಿಗಳನ್ನು ಅಂಗೈಯಲ್ಲಿಟ್ಟುಕೊಂಡು ನಿಂತೇ ಇದ್ದ. ಅತ್ತಿಗೆ ಬಾಗಿಲಲ್ಲಿದ್ದರು.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಕೆಲಸ ಬಿಟ್ಟಮೇಲೆ ನೀವು ಸಿಳ್ಳೆ ಹಾಕಿದ್ದು ಇದರ ಮುಂದೆ ನಿಂತಾಗ ಮಾತ್ರ." ಗುಂಡಿಗಳ ಕಡೆ ನೋಡಿ ಹೇಳಿದರು: "ನೀವು ಪೇಪರ್ ತರೋಕೆ ಹೋದಾಗ ಕೂತು ಹೊಲಿದೆ. ಬಲಗೈ ಕಟ್ಟಿತ್ತಲ್ಲ, ಎಡಗೈಲಿ ಹೊಲಿದೆ. ಕೋಳಿ ಕೆದಕಿದ ಹಾಗೆ ಆಯ್ತು."

ರೈಟಣ್ಣನ ಕಿವಿ ಕೆಂಪಾಯಿತು. ನಾನು ಟಾರ್ಚ್ ಆರಿಸಿ ನೆಲ ನೋಡಿದೆ. ಭೂಮಿ ಬಾಯಿಬಿಟ್ಟಿದ್ದರೆ ಅವನ ಹಿಂದೆಯೇ ನಾನೂ ಇಳಿಯಬೇಕಾದವನು.

ಮುಂದಿನ ಶನಿವಾರಕ್ಕೆ ಇನ್ನೂ ಒಂದು ವಾರವಿತ್ತು. ಮರುದಿನ ಭಾನುವಾರ. ಅದೇ ಟೆರೇಸು, ಅದೇ ನಾಲ್ಕೈದು ಮಂದಿ. ರೈಟಣ್ಣ ಅಂದು ಸಿಳ್ಳೆ ಹಾಕದೆ ಬಂದ. ಜೇಬಿನಿಂದ ಗುಂಡಿಗಳನ್ನು ತೆಗೆದು ಗೋಡೆಯ ಮೇಲೆ ಸಾಲಾಗಿ ಇಟ್ಟ.

"ಅವತ್ತು ಇವಳ ಬಟ್ಟೆ ಹರಿದ್ಹೋಯ್ತು ಅಂತ ನಗಿಸಿದ್ನಲ್ಲ" ಎಂದ. "ಅದಾಗೇ ಹರೀಲಿಲ್ಲ. ನಾನು ಹರಿದೆ. ಕೈ ಮುರಿದವಳು ಅದನ್ನ ಎಡಗೈಲಿ ಹೊಲಿದ್ಲು. ನಾನು ಅದಕ್ಕೂ ನಕ್ಕೆ."

'ಹರಿ' ಎಂಬ ಧಾತು ಅಕರ್ಮಕವೂ ಹೌದು, ಸಕರ್ಮಕವೂ ಹೌದು. ವರ್ಷಗಟ್ಟಲೆ ಹಲಗೆಯ ಮೇಲೆ ಬರೆದು ಕಲಿಸಿದ್ದೇನೆ. 'ಬಟ್ಟೆ ಹರಿಯಿತು' ಎನ್ನುವುದಕ್ಕೂ 'ನಾನು ಹರಿದೆ' ಎನ್ನುವುದಕ್ಕೂ ನಡುವೆ ಎಷ್ಟು ಮೆಟ್ಟಿಲುಗಳಿವೆ ಎಂಬುದು ಅಂದು ಅವನು ಹತ್ತುವುದನ್ನು ನೋಡಿ ತಿಳಿಯಿತು.

ಕೆಳಮನೆಯಲ್ಲಿರುವ ಗಡಿಯಾರ ರಿಪೇರಿಯವನು ಕೆಮ್ಮಿದ. "ನಗಬಾರದಿತ್ತು ಅಕ್ಕಾ" ಎಂದ. ಅತ್ತಿಗೆ ಟೆರೇಸಿನ ಬಾಗಿಲಿಗೆ ಬಂದು ನಿಂತದ್ದನ್ನು ನಾವು ಆಗಲೇ ನೋಡಿದ್ದು. ನಾನೂ ಏನೋ ತೊದಲಿದೆ.

ಅತ್ತಿಗೆ ಗುಂಡಿಗಳನ್ನು ನೋಡಿದರು. "ಮೇಷ್ಟ್ರೇ, ಬಸ್ಸಲ್ಲಿ ಕಳೆದ ನಿಮ್ಮ ಗುಂಡೀನೂ ಇದರಲ್ಲಿ ಇದೆಯೇನೋ ನೋಡಿ" ಎಂದರು. ಆಮೇಲೆ ಗಂಡನ ಕಡೆ ತಿರುಗಿ, "ಸಾಕು, ಕೆಳಗೆ ಬನ್ನಿ" ಎಂದರು.

ಶನಿವಾರ ಅದೇ ನೀಲಿ ನಿಲುವಂಗಿ ತೊಟ್ಟು, ಮೊಣಕೈಯನ್ನು ಯಾವುದರಿಂದಲೂ ಮುಚ್ಚದೆ ಕಥೆಗೆ ಹೋದರು. ರೈಟಣ್ಣ ಪುಸ್ತಕಗಳನ್ನು ಹೊತ್ತುಕೊಂಡು ಗ್ರಂಥಾಲಯದ ಬಾಗಿಲವರೆಗೆ ಹೋದ. ಒಳಗೆ ಹೋಗಲಿಲ್ಲ.

ಇದಾಗಿ ಎರಡು ವರ್ಷವಾಯಿತು. ಅತ್ತಿಗೆಯ ಕೈ ಪೂರ್ತಿ ವಾಸಿಯಾಗಿದೆ; ಒಗೆತ ಮಾತ್ರ ಈಗಲೂ ರೈಟಣ್ಣನದೇ. ಜಿಪ್ಪು ಎಳೆದು, ಕೊಕ್ಕೆ ಹಾಕಿ, ನಯವಾದ ಬಟ್ಟೆಗಳನ್ನು ಬಲೆಯ ಚೀಲಕ್ಕೆ ತುಂಬಿ, ಡ್ರಮ್ಮಿನ ಅರ್ಧಕ್ಕೆ ಮೀರದಂತೆ, ಕಂಬಕ್ಕೆ ಸುತ್ತಿಕೊಳ್ಳದಂತೆ ಸುತ್ತಲೂ ಸಡಿಲವಾಗಿ ಬಿಡುತ್ತಾನೆ. ನೀರು ತುಂಬ ಹಿಡಿಯುತ್ತಾನೆ. "ಸೀಟಿಲ್ಲ, ಹಿಂದಿನ ಬಸ್ಸಿಗೆ ಬನ್ನಿ" ಎಂದು ಉಳಿದ ಬಟ್ಟೆಗಳಿಗೆ ಹೇಳುವುದು ನಮ್ಮ ಮಹಡಿಗೂ ಕೇಳಿಸುತ್ತದೆ.

ಬಟ್ಟೆಯ ಹೊರಮೈ ಸವೆಯದಂತೆ ಎಲ್ಲವನ್ನೂ ಒಳಹೊರಗು ಮಾಡಿಯೇ ಒಗೆಯುತ್ತಾನೆ, ಹಾಗೆಯೇ ಹರವುತ್ತಾನೆ. ನೀಲಿ ನಿಲುವಂಗಿಯ ತೋಳನ್ನು ತಿರುಗಿಸಿದಾಗ ಎಡಗೈ ಹೊಲಿಗೆಯ ಗಂಟುಗಳೆಲ್ಲ ಮೇಲೆ ಬರುತ್ತವೆ. ಬಿಚ್ಚಿ ಚೆನ್ನಾಗಿ ಹೊಲಿಯಬಾರದೇ ಎಂದು ಒಮ್ಮೆ ಕೇಳಿದನಂತೆ. ಅತ್ತಿಗೆ, "ಇರ್ಲಿ ಬಿಡಿ, ಗಟ್ಟಿಯಾಗಿದೆ" ಎಂದರಂತೆ.

ಈ ಬೆಳಗ್ಗೆಯೂ ಅದನ್ನು ಹಗ್ಗದ ಮೇಲೆ ಹಾಕುತ್ತಿದ್ದ. ನಾನು ಬಂದದ್ದನ್ನು ಕಂಡು ಬಟ್ಟೆಗಳೊಂದಿಗೆ ಆಡುತ್ತಿದ್ದ ಮಾತು ನಿಲ್ಲಿಸಿ, ಆ ತೋಳಿನ ಸುಕ್ಕುಗಳನ್ನು ಬೆರಳಿನಿಂದ ಒಂದೊಂದಾಗಿ ಬಿಡಿಸಿದ.