ನರ ಸರಿಯಿದೆ ಎಂದಿದ್ದರು

ಡಾಕ್ಟರು ಕಂಪ್ಯೂಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿದಾಗ, ಅದರಲ್ಲಿದ್ದದ್ದು ಅಕ್ಕನ ತೊಡೆ ಎಂದು ನಂಬಲು ಸ್ವಲ್ಪ ಹೊತ್ತು ಹಿಡಿಯಿತು.

ಹೋದ ವಾರ ಈ ಬೆಂಗಳೂರಿನ ಆಸ್ಪತ್ರೆಯಲ್ಲೇ ಅವಳ ತೊಡೆಯಿಂದ ಕಡಲೆಬೀಜದಷ್ಟು ಮಾಂಸ ತೆಗೆದು ಟೆಸ್ಟಿಗೆ ಕಳಿಸಿದ್ದರು. "ಅಷ್ಟೇನಾ ತೆಗ್ದಿದ್ದು? ಸಾರಿಗೂ ಸಾಲಲ್ವಲ್ಲೋ" ಎಂದು ಅಕ್ಕ ಆವತ್ತು ನನ್ನನ್ನು ನಗಿಸಿದ್ದಳು.

ಹೋಲಿಸಿ ನೋಡಲೆಂದು ಡಾಕ್ಟರು ಮೊದಲು ಆರೋಗ್ಯವಂತರ ಮಾಂಸಖಂಡದ ಚಿತ್ರ ತೋರಿಸಿದ್ದರು. ಉದ್ದಕ್ಕೆ ಕೊಯ್ದರೆ ಎಳೆ ಎಳೆ. ಪ್ರತಿ ಎಳೆಯ ಮೇಲೂ ಅಡ್ಡಡ್ಡ ಗೆರೆ, ಒಂದು ಕಪ್ಪು, ಒಂದು ತಿಳಿ.

ಆ ಎಳೆಯೊಳಗೆ ಇನ್ನೂ ಸಣ್ಣ ತಂತುಗಳು ಒಂದರ ಸಂದಿಗೆ ಒಂದು ಜಾರುತ್ತವಂತೆ. ಚೊಂಬು ಎತ್ತುವುದು, ಕೂತವರು ಏಳುವುದು, ಎಲ್ಲವೂ ಆ ಜಾರುವಿಕೆಯೇ.

ಅಡ್ಡಕ್ಕೆ ಕೊಯ್ದ ಚಿತ್ರದಲ್ಲಿ ಎಳೆಗಳು ಒತ್ತೊತ್ತಾಗಿ ಕೂತಿದ್ದವು. ಒಂದೊಂದಕ್ಕೂ ತೆಳು ಪೊರೆ, ಕಂತೆಗೊಂದು ಪೊರೆ, ಇಡೀ ಖಂಡಕ್ಕೆ ಮತ್ತೊಂದು.

ಆಮೇಲೆ ಅಕ್ಕನದು.

ಒಂದು ಎಳೆ ದಪ್ಪ, ಪಕ್ಕದ್ದು ಸಣಕಲು. ಸಂದಿಗಳಲ್ಲಿ ಕಪ್ಪು ಚುಕ್ಕೆಗಳ ಗುಂಪು. ಮೈ ಕಾಯಬೇಕಾದ ಆ ಕಣಗಳೇ ತಿರುಗಿಬಿದ್ದು ಮಾಂಸಖಂಡವನ್ನು ತಿನ್ನುತ್ತಿವೆ ಎಂದರು. ಅಲ್ಲಲ್ಲಿ ಬಿಳಿ ಖಾಲಿ ಜಾಗ... ಎಳೆ ಸತ್ತು ಕೊಬ್ಬು ತುಂಬಿಕೊಂಡ ಕಡೆ.

"ನಿಮ್ಮ ನರ ಚೆನ್ನಾಗಿದೆ ಅಮ್ಮಾ. ತೊಂದ್ರೆ ಇರೋದು ಮಾಂಸಖಂಡದಲ್ಲಿ."

"ಎರಡೂ ಒಂದೇ ಅಲ್ವಾ ಮೇಡಂ?" ಎಂದಳು ಅಕ್ಕ.

ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ನಮ್ಮ ಕಡೆ ಎಲ್ಲವೂ ನರವೇ. ಮಣಿಕಟ್ಟಿನ ನೀಲಿ ಗೆರೆ ನರ. ಕತ್ತು ತಿರುಗದಿದ್ದರೆ ನರ ಹಿಡಿದುಕೊಂಡಿದೆ, ಕೈಯಲ್ಲಿ ಬಲವಿಲ್ಲದಿದ್ದರೆ ನರ ಸೋತಿದೆ. ಖಂಡ ಎನ್ನುವುದು ಭಾನುವಾರದ ಮಾಂಸದಂಗಡಿಯ ಮಾತು. ಮೀನಖಂಡ ಒಂದನ್ನು ಬಿಟ್ಟರೆ, ನಮ್ಮ ಮೈಗೆ ನಾವು ಆ ಪದ ಬಳಸಿದವರಲ್ಲ.

ಅಕ್ಕನ ಮನೆ ತ್ಯಾಮಗೊಂಡ್ಲು ಹತ್ತಿರದ ಹಳ್ಳಿ. ಹಾಲು ಕರೆಯಲು ಕುಕ್ಕರಗಾಲಿನಲ್ಲಿ ಕೂತರೆ ಅವಳಿಗೆ ಏಳಲಾಗುತ್ತಿರಲಿಲ್ಲ. ಗೂಟ ಹಿಡಿದು ಏಳುತ್ತಿದ್ದಳು.

ಕೈ ಎತ್ತಿ ಜಡೆ ಹೆಣೆದುಕೊಳ್ಳಲಾಗದೆ ಕೂದಲು ಕತ್ತರಿಸಿಕೊಂಡಳು. ನಾವು ಫ್ಯಾಷನ್ ಎಂದು ರೇಗಿಸಿದೆವು.

ಹೋದ ಬೇಸಿಗೆಯಲ್ಲಿ ನೆಲಮಂಗಲದ ಒಂದು ಕ್ಲಿನಿಕ್ಕಿನಲ್ಲಿ ನರದ ಟೆಸ್ಟ್ ಮಾಡಿಸಿದೆವು. ನರ ಸರಿಯಿದೆ, ಹಾಗಾಗಿ ಬೇರೆ ಟೆಸ್ಟ್ ಬೇಕು, ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಅಲ್ಲಿಯವರು ಹೇಳಿದ್ದರು.

ನಮಗೆ ಕೇಳಿಸಿದ್ದು ಮೊದಲಿನದು ಮಾತ್ರ. ನರ ಸರಿಯಿದ್ದ ಮೇಲೆ ಇನ್ನೇನು ಕೆಟ್ಟಿರಲು ಸಾಧ್ಯ? ದಾರಿಯಲ್ಲಿ ಮೈಸೂರುಪಾಕ್ ಕೊಂಡೆವು.

"ಡಾಕ್ಟ್ರೇ ಸರ್ಟಿಫಿಕೇಟ್ ಕೊಟ್ಟವ್ರೆ ಕಣೇ, ಇನ್ನು ನಾಟ್ಕ ಬಿಡು" ಎಂದರು ಭಾವ. ಎಲ್ಲರೂ ನಕ್ಕೆವು, ಅಕ್ಕನೂ.

ಆಮೇಲೆ ಅವಳು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲಾಗದೆ ಬಿದ್ದ ಮೇಲೆಯೇ ನಾವು ಈ ಆಸ್ಪತ್ರೆಗೆ ಬಂದದ್ದು.

ಈಗ ಮಾತ್ರೆ ಬರೆದುಕೊಟ್ಟಿದ್ದಾರೆ. ಚುಕ್ಕೆಗಳು ಕರಗಬಹುದು, ಇರುವ ಎಳೆಗಳಿಗೆ ಬಲ ಬರಬಹುದು. ಬಿಳಿ ಜಾಗ ಮಾತ್ರ ಹಾಗೇ ಉಳಿಯುತ್ತದೆ.

ಅಕ್ಕ ಹೊರಗೆ ಹೋದ ಮೇಲೆ ಆ ಬಿಳಿಯದು ಯಾವಾಗ ಆಗಿದ್ದು ಎಂದು ಡಾಕ್ಟರನ್ನು ಕೇಳಿದೆ. ಕೊಬ್ಬು ಒಂದೇ ಸಲಕ್ಕೆ ತುಂಬುವುದಿಲ್ಲ, ಹೆಚ್ಚಿನದು ಹೋದ ಬೇಸಿಗೆಯಿಂದ ಈಚೆಗೆ ಆಗಿರಬೇಕು ಎಂದರು.

ವಾಪಸ್ಸು ಕಾರಿನಲ್ಲಿ ಬರುತ್ತಿದ್ದೇವೆ. ಭಾವ ಮುಂದಿನ ಸೀಟಿನಲ್ಲಿ, ನಾನೂ ಅಕ್ಕನೂ ಹಿಂದೆ.

"ಲೋ, ಆ ಬಿಳೀ ಜಾಗ... ಹೋದ ಬೇಸ್ಗೇಲೇ ಇಲ್ಲಿಗೆ ಬಂದಿದ್ರೆ ಆಗ್ತಿರ್ಲಿಲ್ವೇನೋ?"

ಭಾವನ ಕತ್ತು ಅಲುಗುವುದಿಲ್ಲ.

"ಆಗ್ಲೇ ಆಗ್ಹೋಗಿತ್ತಂತೆ ಕಣಕ್ಕಾ" ಎನ್ನುತ್ತೇನೆ.

ಅಕ್ಕ "ಹೌದಾ" ಎಂದು ಕಿಟಕಿಯ ಕಡೆ ತಿರುಗುತ್ತಾಳೆ. ಅದು ಸಮಾಧಾನವೋ, ಸುಳ್ಳೆಂದು ಗೊತ್ತಾಗಿಯೂ ನನ್ನನ್ನು ಅಷ್ಟಕ್ಕೇ ಬಿಟ್ಟದ್ದೋ ತಿಳಿಯುವುದಿಲ್ಲ.

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?