ದಾಳಿಂಬದ ಕುಸ್ತಿ ಕಲ್ಲು

ಬೆಳಿಗ್ಗೆ ಏಳಕ್ಕೆ ಉದಗೀರ ಬಿಟ್ಟೆವು. ಜೊತೆಗೆ ನನ್ನ ಸೋದರಮಾವ ಶರಣಪ್ಪ, ಅಲ್ಲಿಯ ಕಾಳಿನ ವ್ಯಾಪಾರಿ. ಅವರ ಹುಟ್ಟೂರು ದಾಳಿಂಬದಲ್ಲಿ ಒಂದು ಕಲ್ಲು ನಿಲ್ಲಿಸಿದ್ದಾರೆಂದು ಸುದ್ದಿ ಬಂದಿತ್ತು. ಮುಂದೆ ದೊಡ್ಡ ಹೆಸರು ಮಾಡಿದ ಮಾಣಿಕ ಪೈಲ್ವಾನರು ಹುಡುಗರಾಗಿದ್ದಾಗ ಮೊದಮೊದಲ ಕುಸ್ತಿ ಆಡಿದ ಜಾಗವಂತೆ ಅದು. ಆಗ ಹುಡುಗರ ಕುಸ್ತಿಗೆ ಇನಾಮು ಒಂದು ಮುಷ್ಟಿ ರೇವಡಿ, ಎಳ್ಳು ಬೆಲ್ಲದ ಮಿಠಾಯಿ. ಅಂಥದೊಂದು ಕುಸ್ತಿಯಲ್ಲಿ ಮಾಣಿಕನನ್ನು ಚಿತ್ ಮಾಡಿದವನು ತಾನೇ ಎಂದು ಮಾವ ಮದುವೆಯಾದಾಗಿನಿಂದ ಅತ್ತೆಗೆ ಹೇಳುತ್ತ ಬಂದಿದ್ದಾರೆ. ಕಲ್ಲಿನ ಮೇಲೆ ತನ್ನ ಹೆಸರು ಇರಲೇಬೇಕು, ಇಲ್ಲದಿದ್ದರೆ ಹಾಕಿಸಿಯೇ ಬರಬೇಕು ಎಂಬುದು ಅವರ ಹಟ.

ಎಪ್ಪತ್ತೈದು ದಾಟಿದೆ ಎಂದು ಮಾವ ಬಸ್ಸಿನಲ್ಲಿ ಪುಕ್ಕಟೆ ಟಿಕೆಟ್ ಕೇಳಿದರು. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಅರ್ಧ ಟಿಕೆಟ್ ಕೊಟ್ಟ. ನಿಲಂಗಾ ಬರುವವರೆಗೂ ಮಾವ ಅವನ ಕಡೆ ತಿರುಗಿ ನೋಡಲಿಲ್ಲ. ಅಲ್ಲಿ ಇಳಿದು, ಗಾಡಿಯ ಮುಂದೆ ನಿಂತು ಬಿಸಿ ಬಿಸಿ ನಿಲಂಗಾ ರೈಸ್ ತಿಂದೆವು. ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂತು, ಮಾವನ ಸಿಟ್ಟು ಇಳಿಯಿತು.

ಉಮರ್ಗಾದಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಒಂದೇ ಆಟೋದಲ್ಲಿ ಒಂಬತ್ತು ಜನ. ನನ್ನ ಒಂದು ಕಾಲು ದಾಳಿಂಬದವರೆಗೂ ಹೊರಗೇ ಪ್ರಯಾಣ ಮಾಡಿತು.

"ನನ್ನ ಹೆಸರು ಪೈಲ್ವಾನನ ಬಾಜೂಕ ಬರಬೇಕು ನೋಡು," ಆಟೋ ಇಳಿಯುತ್ತಲೇ ಅಂದರು ಮಾವ.

ಕಪ್ಪು ಕಲ್ಲು, ಮರಾಠಿ ಅಕ್ಷರ. ಮೇಲೆ ಪೈಲ್ವಾನರ ಹೆಸರು, ಅದರ ಕೆಳಗೆ 'ಇವರಿಗೆ ಸೋತವರು' ಎಂಬ ಸಾಲು, ಆಮೇಲೆ ಎರಡು ಹೆಸರು. ಮೊದಲನೆಯ ಹೆಸರಿನ ಗುರುನಾಥಪ್ಪ, ಕಲ್ಲು ನಿಲ್ಲಿಸಿದವರಲ್ಲಿ ಒಬ್ಬರು, ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದರು. ಬಂದವರು ಅವರ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರಂತೆ, ಅದಕ್ಕೇ ದಿನಾ ಇಸ್ತ್ರಿ ಮಾಡಿದ ಟೋಪಿ.

"ನಾ ಮಾಣಿಕನ್ನ ಗೆದ್ದಾಂವ. ನನ್ನ ಹೆಸರು ಎಲ್ಲದ?" ಮಾವ ಕೇಳಿದರು.

ಗುರುನಾಥಪ್ಪ ಕಣ್ಣು ಕಿರಿದು ಮಾಡಿ ನೋಡಿದರು. "ಶರಣ್ಯಾ ಏನೋ? ನೀ ಎಲ್ಲಿ ಗೆದ್ದಿ? ಅಳಕೋತ ಮನಿಗಿ ಓಡಿದ್ದಿ. ರೇವಡಿ ಅಂವಾ ತಿಂದ, ನನಗೂ ನಾಕು ಕೊಟ್ಟ."

ಮಾವನ ಮುಖ ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು.

"ಸೋತೀನಿ ಅಂದ್ರ ಇವತ್ತ ಕೆತ್ತಸ್ತೀನಿ," ಗುರುನಾಥಪ್ಪ ಮುಂದುವರಿಸಿದರು. "ಮೂರನೇ ಜಾಗಾ ಖಾಲಿ ಅದ. ನಾವೂ ಸೋತೇವಿ ಅಂತ ಭಾಳ ಮಂದಿ ಬಂದಾರ, ಎಲ್ಲಾ ಝೂಟ್. ನೀ ಸೋತದ್ದು ನಾ ಕಣ್ಣಾರೆ ನೋಡೀನಿ."

ಮಾವ ಆ ಖಾಲಿ ಜಾಗದ ಮೇಲೆ ಕೈಯಾಡಿಸಿದರು. "ಕೆತ್ತಸು. ಸೋತೀನಿ," ಅಂದರು.

ಮಧ್ಯಾಹ್ನ ಹತ್ತಿರದ ಊರು ಮುರುಮದಿಂದ ಕೆತ್ತುವವನು ಬಂದ.

"ಕನ್ನಡದಾಗೂ ಒಂದ್ ಸಾಲು ಹಾಕಸಲಾ?" ಗುರುನಾಥಪ್ಪ ಕೇಳಿದರು.

"ಬ್ಯಾಡ, ಮರಾಠಿ ಸಾಕು," ಮಾವ ಅವಸರದಿಂದ ಹೇಳಿದರು. ಕಲಬುರಗಿ ಕಡೆಯ ಅತ್ತೆ ಮರಾಠಿ ಮಾತಾಡುತ್ತಾರೆ, ಓದಲು ಬರುವುದಿಲ್ಲ.

ಉಮರ್ಗಾ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತ ಮಾವ ಅತ್ತೆಗೆ ಕಲ್ಲಿನ ಫೋಟೋ ಕಳಿಸಿದರು. ತಕ್ಷಣ ಅತ್ತೆಯ ಫೋನು ನನಗೆ ಬಂತು.

"ನಿಮ್ಮ ಮಾವ ಖರೇನ ಗೆದ್ದಿದ್ರೇನೋ? ಏನ್ ಬರದಾರ, ಸಾಲು ಸಾಲು ಓದಿ ಹೇಳು."

ಮಾವ ಬಸ್ಸಿನ ಬೋರ್ಡು ಓದುವವರಂತೆ ಆಚೆ ತಿರುಗಿ ನಿಂತರು. ನಾನು ಪೈಲ್ವಾನರ ಹೆಸರು ಓದಿದೆ. ಒಂದು ಸಾಲು ಬಿಟ್ಟೆ, ಎರಡು ಹೆಸರೂ ಬಿಟ್ಟೆ. ಆಮೇಲೆ ಮಾವನ ಹೆಸರು ಓದಿದೆ.