ಉಣ್ಣೆ ಕತ್ತರಿಸಿದ ದಿನದ ಮುಟಗಿ

ಮಮದಾಪುರದ ದಾನೇಶ್ವರಿ ಕಡಿಮೆ ದುಡ್ಡಿನಲ್ಲಿ ಸಂಸಾರ ತೂಗಿಸುವುದರಲ್ಲಿ ಎತ್ತಿದ ಕೈ. ಗೋಕಾಕ ಸಂತೆಯಲ್ಲಿ ಮೂಲಂಗಿ ಕೊಂಡರೆ ಅದರ ಸೊಪ್ಪೂ ಪಲ್ಯವಾಗುತ್ತದೆ. ಎಣ್ಣೆ ತುಟ್ಟಿಯಾದಾಗ ಮಡಕೆ ಕಾಳನ್ನು ಮೊಳಕೆ ಬರಿಸಿ ಬೇಯಿಸಿ, ಮೇಲೆ ಗುರೆಳ್ಳು ಚಟ್ನಿಪುಡಿ ಉದುರಿಸಿ, ಎಣ್ಣೆಯ ನೆನಪೇ ಬಾರದಂತೆ ಉಣ್ಣಿಸುತ್ತಾಳೆ. ಆ ಮನೆಯಲ್ಲಿ ಯಾರೂ ಅರೆಹೊಟ್ಟೆಯಲ್ಲಿ ಎದ್ದವರಿಲ್ಲ. ಆದರೆ ಅಗ್ಗದ ಮಾಲು ಕಂಡರೆ ಮಾತ್ರ ಆಕೆಯ ಕೈ ನಿಲ್ಲದು. ಅದೊಂದು ಚಟ.

ಈ ವರ್ಷ ಉಣ್ಣೆ ಕತ್ತರಿಸುವ ದಿನದ ಅಡುಗೆಯನ್ನು ಅತ್ತೆ ಕೆಂಚವ್ವ ಮೊದಲ ಸಲ ಸೊಸೆಗೆ ಬಿಟ್ಟಳು. ಕುರುಬರ ಮನೆಯಲ್ಲಿ ಅದು ಸಣ್ಣ ಮಾತಲ್ಲ. ಕತ್ತರಿ ಹಿಡಿದು ಬರುವ ನೆಂಟರು ಕೂಲಿ ಕೇಳುವುದಿಲ್ಲ. ಇಂದು ಅವರು ಇವರ ಹಟ್ಟಿಗೆ, ನಾಳೆ ಇವರು ಅವರ ಹಟ್ಟಿಗೆ, ಅದು ಮುಯ್ಯಿ. ಬಯಸುವುದು ಹೊಟ್ಟೆ ತುಂಬ ಒಳ್ಳೆಯ ಊಟ ಮಾತ್ರ. ಅದು ಕೆಟ್ಟರೆ ಮುಂದಿನ ಸಲ ಒಬ್ಬೊಬ್ಬರಿಗೂ ಒಂದೊಂದು ಕೆಲಸ ಹುಟ್ಟಿಕೊಳ್ಳುತ್ತದೆ, ಅಷ್ಟೂ ಕುರಿಗಳ ಮುಂದೆ ಗಂಡ ಮಲ್ಲೇಶ ಒಬ್ಬನೇ ಕೂರಬೇಕಾಗುತ್ತದೆ.

ದಾನೇಶ್ವರಿ ಮೊದಲ ರೊಟ್ಟಿ ಬಡಿದಳು. ಎತ್ತುವಷ್ಟರಲ್ಲಿ ಅದು ಚೂರುಚೂರಾಯಿತು. ಕುದಿಯುವ ನೀರು ಹಾಕಿ ನಾದಿದರೂ ಮುಂದಿನದು ಹಂಚಿನ ಮೇಲೇ ಬಿರಿಯಿತು. ಹಿಟ್ಟಿಗೆ ಜಿಗಿಯೇ ಇಲ್ಲ! ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿ ತಂದಿದ್ದ ಜೋಳ ಯಾವ ಕಾಲದ್ದೋ ಏನೋ. ಇದ್ದ ಒಳ್ಳೆಯ ಜೋಳವೆಲ್ಲ ಮುಗಿದಿತ್ತು. ಹೊರಗೆ ಕುರಿಗಳ ಅರಚಾಟದ ನಡುವೆ, ಮಲ್ಲೇಶನ ದೊಡ್ಡಪ್ಪ ಸತ್ತೆಪ್ಪ ಅಡುಗೆ ಎಲ್ಲಿಯವರೆಗೆ ಬಂತೆಂದು ಕೇಳಿಯೂ ಆಯಿತು. ಆತನ ನಾಲಿಗೆ ಕತ್ತರಿಗಿಂತ ಹರಿತ. ದಾನೇಶ್ವರಿಗೆ ಅಳುವೇ ಬಂತು.

ಮುರಿದ ತುಂಡುಗಳನ್ನು ನೋಡುತ್ತಿದ್ದಾಗ, ಬಾಣಂತಿಯಾಗಿದ್ದಾಗ ತವರಿನಲ್ಲಿ ತಿಂದ ಮುಟಗಿ ನೆನಪಾಯಿತು. ಬಿಸಿ ರೊಟ್ಟಿಯನ್ನು ಮುರಿದೇ ತಾನೆ ಅದನ್ನು ಮಾಡುವುದು!

"ಅತ್ತಿ, ಒರಳು ತೊಳೀರಿ," ಎಂದಳು.

ಕೆಂಚವ್ವ ಒರಳು ತೊಳೆದಿಟ್ಟು ಬೆಳ್ಳುಳ್ಳಿ ಸುಲಿಯಲು ಕೂತಳು. ದಪ್ಪ ರೊಟ್ಟಿಗಳು ಬೇಯುತ್ತ ಮುರಿಯುತ್ತ ಒರಳಿಗೆ ಬಿದ್ದವು. ಹಸಿ ಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ, ಉಪ್ಪು ಕೂಡಿಸಿ ಕುಟ್ಟಿ, ಮನೆಯ ಎಮ್ಮೆಯ ತುಪ್ಪವನ್ನು ಧಾರಾಳವಾಗಿ ಸುರಿದು, ಮುಷ್ಟಿಯಲ್ಲಿ ಒತ್ತಿ ಒತ್ತಿ ಉಂಡೆ ಕಟ್ಟಿದರು. ಜೊತೆಗೆ ಕಾಳುಪಲ್ಯ, ಮಜ್ಜಿಗೆ.

ತಾಟು ನೋಡಿದ ಸತ್ತೆಪ್ಪ, ಗಂಡಸರಿಗೆ ಬಾಣಂತಿ ಊಟ ಹಾಕುವುದು ಯಾವ ಊರಿನ ಪದ್ಧತಿ ಎಂದು ಕೇಳಿದ. ಪಂಕ್ತಿಯೆಲ್ಲ ನಕ್ಕಿತು. ಆತ ಒಂದು ತಿಂದ, ಇನ್ನೊಂದಕ್ಕೆ ಕೈ ಚಾಚಿದ. ಮತ್ತೂ ಒಂದು ಕೇಳಿ ಹಾಕಿಸಿಕೊಂಡ. ಕೊನೆಗೆ ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡ.

"ಯವ್ವಾ, ನಮ್ಮವ್ವ ಹ್ವಾದ ಮ್ಯಾಲ ಇದನ್ನ ಯಾರೂ ಮಾಡಿ ಹಾಕಿದ್ದಿಲ್ಲ. ಮುಂದಿನ ಸಲ ನೀವು ಕರೀದಿದ್ರೂ ನಾ ಬರಾಂವ."

ನಾವೂ ಬರುತ್ತೇವೆ ಎಂದು ಉಳಿದವರೂ ದನಿಗೂಡಿಸಿದರು. ದಾನೇಶ್ವರಿ ಕಣ್ಣು ತುಂಬಿಕೊಂಡು ನಗುತ್ತ ಒಳಗೆ ಹೋದಳು. ಹಿಂದೆಯೇ ಬಂದ ಕೆಂಚವ್ವ, ಬುಟ್ಟಿಯಲ್ಲಿ ಉಳಿದಿದ್ದ ಒಂದೇ ಒಂದು ಮುಟಗಿಯನ್ನು ಎತ್ತಿ ಸೊಸೆಯ ಬಾಯಿಗಿಟ್ಟಳು.